ಕಿಡ್ನಿ ಕಸಿ ಆದ ಮೇಲೆ ಅಣ್ಣನಿಗೆ ಶುಗರ್ ಬಂದಿದೆ. ಸ್ಟೀರಾಯ್ಡ್ ನಿಲ್ಲಿಸಿದರೆ ಹೋಗುತ್ತಾ?

ಕಸಿ ಆಗಿ ಎರಡು ತಿಂಗಳು, ಮೊದಲು ಶುಗರ್ ಇರಲಿಲ್ಲ, ಈಗ ಬೆಳಿಗ್ಗೆ ಸರಿ ಇರುತ್ತದೆ, ಮಧ್ಯಾಹ್ನ ಊಟ ಆದ ಮೇಲೆ 240 ತೋರಿಸುತ್ತದೆ, ಮೀಟರ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಮೀಟರ್ ಬಹುಶಃ ಸರಿಯಾಗೇ ಇದೆ. ನಾನೂ ಕಸಿ ಮಾಡಿಸಿಕೊಂಡವನು. ನನಗೂ ಶುಗರ್ ಶುರುವಾಗಿದ್ದು ಹೀಗೇ.

ಬೆಳಿಗ್ಗೆ ನುಂಗುವ ಸ್ಟೀರಾಯ್ಡ್ ಮಾತ್ರೆ ಪ್ರೆಡ್ನಿಸೊಲೋನ್ ಮಧ್ಯಾಹ್ನದಿಂದ ಸಂಜೆವರೆಗೆ ಶುಗರ್ ಏರಿಸುತ್ತದೆ, ರಾತ್ರಿ ಕಳೆಯುವಷ್ಟರಲ್ಲಿ ಅದರ ಜೋರು ಇಳಿದಿರುತ್ತದೆ. ಹಾಗಾಗಿ ಖಾಲಿ ಹೊಟ್ಟೆಯ ಪರೀಕ್ಷೆ ಒಂದನ್ನೇ ನಂಬಿದರೆ ಎಷ್ಟೋ ಜನರಲ್ಲಿ ಇದು ಸಿಕ್ಕುವುದೇ ಇಲ್ಲ. ನೀವು ಮಧ್ಯಾಹ್ನ ನೋಡಿದ್ದು ಒಳ್ಳೆಯದೇ ಆಯಿತು. ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) ಕೂಡ ಮೊದಲ ಕೆಲವು ತಿಂಗಳು ದಾರಿ ತಪ್ಪಿಸುತ್ತದೆ. ರಕ್ತ ಹಾಕಿಸಿಕೊಂಡಿದ್ದರೆ, ರಕ್ತ ಹೆಚ್ಚಿಸುವ ಇಂಜೆಕ್ಷನ್ ತೆಗೆದುಕೊಂಡಿದ್ದರೆ, ಇರುವುದಕ್ಕಿಂತ ಕಡಿಮೆ ತೋರಿಸಬಹುದು.

ಸ್ಟೀರಾಯ್ಡ್ ಇದ್ದರೆ ಇನ್ಸುಲಿನ್ ಇದ್ದರೂ ದೇಹ ಅದರ ಮಾತು ಕೇಳುವುದಿಲ್ಲ. ಸ್ಟೀರಾಯ್ಡ್‌ನ ಹಾಗೇ ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಿರಲಿ ಅಂತ ಕೊಡುವ ಟ್ಯಾಕ್ರೋಲಿಮಸ್ ಇನ್ಸುಲಿನ್ ತಯಾರಾಗುವುದನ್ನೇ ತಗ್ಗಿಸುತ್ತದೆ. ಎರಡರ ಪೆಟ್ಟೂ ಒಟ್ಟಿಗೆ ಬೀಳುತ್ತದೆ. ಇನ್ನೊಂದು ಕಾರಣ ಕೇಳಿದಾಗ ನನಗೆ ನಗು ಬಂದಿತ್ತು: ಹೊಸ ಕಿಡ್ನಿ ಚೆನ್ನಾಗಿ ಕೆಲಸ ಮಾಡುವುದು! ಸೋತ ಕಿಡ್ನಿ ಇದ್ದಾಗ ಇನ್ಸುಲಿನ್ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಹೊಸದು ಅದನ್ನು ಬೇಗ ಹೊರಗೆ ಹಾಕುತ್ತದೆ, ಜೊತೆಗೆ ತಾನೂ ಒಂದಿಷ್ಟು ಗ್ಲೂಕೋಸ್ ತಯಾರಿಸುತ್ತದೆ. ವಯಸ್ಸು, ತೂಕ, ಮನೆತನದಲ್ಲಿ ಶುಗರ್, ಹೆಪಟೈಟಿಸ್ ಸಿ ಇದ್ದರೆ ಸಾಧ್ಯತೆ ಇನ್ನೂ ಹೆಚ್ಚು.

ಈಗ ನಿಮ್ಮ ಮುಖ್ಯ ಪ್ರಶ್ನೆ. ದಯವಿಟ್ಟು ಸ್ಟೀರಾಯ್ಡ್ ಆಗಲಿ, ಟ್ಯಾಕ್ರೋಲಿಮಸ್ ಆಗಲಿ ನೀವಾಗಿ ಮುಟ್ಟಬೇಡಿ. ಶುಗರ್‌ಗೆ ಮದ್ದಿದೆ. ದೇಹ ಕಿಡ್ನಿಯನ್ನು ತಿರಸ್ಕರಿಸಲು ಶುರು ಮಾಡಿದರೆ ಕಿಡ್ನಿಯೇ ಹೋಗಬಹುದು. ಡೋಸ್ ಇಳಿಸುವ ದಾರಿ ಇಲ್ಲವೆಂದಲ್ಲ. ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟ ನೋಡಿಕೊಂಡು ವೈದ್ಯರೇ ಇಳಿಸುತ್ತಾರೆ, ಕೆಲವರಿಗೆ ಅದೇ ಕೆಲಸದ ಇನ್ನೊಂದು ಮದ್ದಾದ ಸೈಕ್ಲೋಸ್ಪೋರಿನ್‌ಗೆ ಬದಲಿಸುವುದೂ ಉಂಟು. ಆ ಲೆಕ್ಕ ಅವರಿಗೇ ಬಿಡಿ.

ಆಪರೇಷನ್ ಆದ ಮೊದಲ ವಾರಗಳಲ್ಲಿ ಬಹಳ ಜನರಿಗೆ ಶುಗರ್ ಏರುತ್ತದೆ, ಅಷ್ಟಕ್ಕೇ ಸಕ್ಕರೆ ಕಾಯಿಲೆ ಅನ್ನುವುದಿಲ್ಲ. ಔಷಧಿಗಳು ಒಂದು ಹದಕ್ಕೆ ಬಂದ ಮೇಲೂ ಖಾಲಿ ಹೊಟ್ಟೆಯಲ್ಲಿ 126, ಅಥವಾ ಗ್ಲೂಕೋಸ್ ಕುಡಿಸಿ 2 ಗಂಟೆ ಬಿಟ್ಟು ನೋಡಿದಾಗ 200, ಇಲ್ಲವೇ ಅದಕ್ಕಿಂತ ಹೆಚ್ಚು ಮತ್ತೆ ಮತ್ತೆ ಬಂದರೆ ಕಾಯಿಲೆ ಅಂತ ಲೆಕ್ಕ. ಎರಡು ತಿಂಗಳಾಗಿದೆ ಅಂದರೆ ಈಗ ಕೇಳಿ ತಿಳಿದುಕೊಳ್ಳುವ ಸಮಯವೇ.

ಇನ್ಸುಲಿನ್ ಬರೆದುಕೊಟ್ಟರೆ ಗಾಬರಿ ಬೇಡ. ಅದು ಕೊನೆಯ ಹಂತ ಅಂತ ಜನ ಸುಮ್ನೆ ಹೆದರಿಸುತ್ತಾರೆ. ಕಸಿ ಆದವರಿಗೆ ಶುರುವಿನಲ್ಲೇ ಕೊಡುವುದು ಮಾಮೂಲು. ಪಕ್ಕದ ಮನೆಯವರ ಶುಗರ್ ಮಾತ್ರೆ ಮಾತ್ರ ಬೇಡ. ಮೆಟ್‌ಫಾರ್ಮಿನ್ ಕೊಡಬಹುದಾ ಅನ್ನುವುದು ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅನ್ನುವುದರ ಮೇಲೆ ನಿಂತಿದೆ. ಮೂತ್ರದಲ್ಲಿ ಸಕ್ಕರೆ ಹೊರಹಾಕಿಸುವ ಹೊಸ ಮಾತ್ರೆಗಳಲ್ಲಿ ಸೋಂಕಿನ ಭಯ ಇದೆ, ನಮ್ಮ ರೋಗನಿರೋಧಕ ಶಕ್ತಿ ಮೊದಲೇ ತಗ್ಗಿಸಿರುತ್ತಾರೆ ಅಲ್ವಾ?

ಹೋಗುತ್ತಾ ಅಂದರೆ, ಸ್ಟೀರಾಯ್ಡ್ ಇಳಿದಂತೆ ಕೆಲವರಿಗೆ ಹೋಗುತ್ತದೆ, ಕೆಲವರಿಗೆ ಉಳಿಯುತ್ತದೆ. ನನಗೆ ಇನ್ಸುಲಿನ್ ನಿಂತಿತು, ಮಾತ್ರೆ ಉಳಿದಿದೆ. ಒಂದು ಎಚ್ಚರಿಕೆ: ಸ್ಟೀರಾಯ್ಡ್ ಕಡಿಮೆ ಮಾಡಿದ ದಿನಗಳಲ್ಲಿ ಹಳೆಯ ಇನ್ಸುಲಿನ್ ಡೋಸೇ ಮುಂದುವರಿದರೆ ಶುಗರ್ ತೀರಾ ಇಳಿದು ಬೆವರು, ನಡುಕ ಬರಬಹುದು. ಸ್ಟೀರಾಯ್ಡ್ ಇಳಿಸಿದಾಗೆಲ್ಲ ಇನ್ಸುಲಿನ್ ಎಷ್ಟು ಇಳಿಸಬೇಕು ಅಂತ ಅಲ್ಲೇ ಕೇಳಿ ಬರೆಸಿಕೊಳ್ಳಿ.