ಬ್ರಿಟನ್ನಿನ ಜನ ರಿಫಾರ್ಮ್ ಪಕ್ಷದತ್ತ ವಾಲುತ್ತಿರುವುದೇಕೆ? ವಲಸೆ ಬಂದವರು ಹೆದರಬೇಕೇ?

ನೀವು ಎರಡು ಪ್ರಶ್ನೆ ಕೇಳಿದ್ದೀರಿ. ನೈಜೆಲ್ ಫರಾಜ್ ಅವರ ರಿಫಾರ್ಮ್ ಯುಕೆಯಂಥ ಬಲಪಂಥೀಯ ಪಕ್ಷಕ್ಕೆ ಬ್ರಿಟನ್ನಿನ ಜನ ಏಕೆ ಮತ ಹಾಕುತ್ತಿದ್ದಾರೆ ಎನ್ನುವುದು ಒಂದು. ಕೆಲಸಕ್ಕೆಂದು ಸಂಸಾರ ಸಮೇತ ಇಲ್ಲಿಗೆ ಹೊರಟಿರುವ ನೀವು ಅದಕ್ಕೆ ಹೆದರಬೇಕೇ ಎನ್ನುವುದು ಇನ್ನೊಂದು. ನಾನು ಹಾಸನದ ಕಡೆಯವಳು, 2021ರ ಅಕ್ಟೋಬರಿನಲ್ಲಿ ನರ್ಸ್ ಆಗಿ ಇಲ್ಲಿಗೆ ಬಂದೆ. ವಾಸ ಲಿಂಕನ್‌ಶೈರ್‌ನಲ್ಲಿ, ಬೋಸ್ಟನ್ ಪಟ್ಟಣದ ಅಂಚಿನಲ್ಲಿ. ಯುರೋಪಿಯನ್ ಒಕ್ಕೂಟವನ್ನು ಬಿಡಬೇಕೆಂದು 2016ರ ಜನಮತಗಣನೆಯಲ್ಲಿ ಇಡೀ ದೇಶದಲ್ಲೇ ಅತಿ ಹೆಚ್ಚಿನ ಪ್ರಮಾಣದಲ್ಲಿ, ಶೇ 75ಕ್ಕೂ ಮೀರಿ, ಮತ ಹಾಕಿದ ಊರು ಇದು. ಹಾಗಾಗಿ ನೀವು ಕೇಳುತ್ತಿರುವ ಆ ಮತದಾರರು ನನಗೆ ಪತ್ರಿಕೆಯಲ್ಲಿ ಓದಿ ತಿಳಿದವರಲ್ಲ, ಬೇಲಿಯಾಚೆ ದಿನವೂ ಕಾಣುವವರು.

ಮೊದಲು ಪಕ್ಕದ ಮನೆಯ ಹಿರಿಯರ ಹಲ್ಲಿನ ಕಥೆ ಹೇಳುತ್ತೇನೆ. ಎಪ್ಪತ್ತು ದಾಟಿದವರು, ತರಕಾರಿ ಪ್ಯಾಕಿಂಗ್ ಕಾರ್ಖಾನೆಯೊಂದಕ್ಕೆ ಮೂವತ್ತು ವರ್ಷ ಲಾರಿ ಓಡಿಸಿದವರು. ನನ್ನನ್ನು 'ಡಕ್' ಎಂದು ಕರೆಯುತ್ತಾರೆ. ಈ ಸೀಮೆಯಲ್ಲಿ ಅದು ಅಕ್ಕರೆಯ ಮಾತು. ಒಂದು ಫೆಬ್ರವರಿ ರಾತ್ರಿ ದವಡೆಗೆ ಟವೆಲ್ ಒತ್ತಿಕೊಂಡು ನಮ್ಮ ಬಾಗಿಲು ತಟ್ಟಿದರು. ಟವೆಲ್ ತುಂಬ ರಕ್ತ. ಇಕ್ಕಳದಿಂದ ತಮ್ಮ ಹಲ್ಲನ್ನು ತಾವೇ ಕಿತ್ತುಕೊಂಡಿದ್ದರು, ಬೇರು ಅರ್ಧಕ್ಕೆ ಮುರಿದಿತ್ತು. ಸರ್ಕಾರಿ ದರದಲ್ಲಿ ನೋಡುವ ದಂತವೈದ್ಯರಿಗೆಲ್ಲ ಫೋನು ಮಾಡಿ ಸಾಕಾಗಿದ್ದರು. ಎಲ್ಲ ಕಡೆಯೂ ಒಂದೇ ಉತ್ತರ, ಹೊಸ ರೋಗಿಗಳನ್ನು ಸೇರಿಸಿಕೊಳ್ಳುತ್ತಿಲ್ಲ. ಖಾಸಗಿಯವರು ಕೇಳಿದ ಹಣ ಅವರ ಪಿಂಚಣಿಗೆ ಎಟುಕುವಂತಿರಲಿಲ್ಲ. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳಿ, ಹತ್ತಿಬಟ್ಟೆ ಮಡಿಸಿ ಕಚ್ಚಿಸಿ, ರಕ್ತ ನಿಲ್ಲುವವರೆಗೂ ಅಡುಗೆಮನೆಯ ಕುರ್ಚಿಯಲ್ಲಿ ಅವರ ಎದುರೇ ಕುಳಿತಿದ್ದೆ. ಐವತ್ತು ವರ್ಷ ತೆರಿಗೆ ಕಟ್ಟಿದ ಮನುಷ್ಯ. ಅಂದು ಅವರ ಕಣ್ಣಿನಲ್ಲಿ ನೋವಿಗಿಂತ ಅವಮಾನವೇ ಹೆಚ್ಚಾಗಿತ್ತು.

ಅವರು ರಿಫಾರ್ಮ್‌ಗೆ ಮತ ಹಾಕುತ್ತಾರೆ. ಅವರನ್ನು ಜನಾಂಗದ್ವೇಷಿ ಎಂದು ತಳ್ಳಿಹಾಕುವವರ ಜೊತೆ ನಾನು ಜಗಳ ಆಡಿದ್ದೇನೆ.

ಈ ಊರಿನ ಸಿಟ್ಟಿಗೆ ಒಂದು ಹುಟ್ಟು ಇದೆ. ಸುತ್ತಲೂ ಎಲೆಕೋಸು, ಹೂಕೋಸು, ಆಲೂಗಡ್ಡೆಯ ಹೊಲಗಳು. 2004ರಲ್ಲಿ ಪೋಲೆಂಡ್, ಲಿಥುವೇನಿಯಾ ಮುಂತಾದ ದೇಶಗಳು ಯುರೋಪಿಯನ್ ಒಕ್ಕೂಟಕ್ಕೆ ಸೇರಿದಾಗ ಜರ್ಮನಿ, ಫ್ರಾನ್ಸ್ ತಮ್ಮ ಉದ್ಯೋಗದ ಬಾಗಿಲನ್ನು ಕೆಲವು ವರ್ಷ ಅರೆಮುಚ್ಚಿಟ್ಟವು. ಬ್ರಿಟನ್, ಐರ್ಲೆಂಡ್, ಸ್ವೀಡನ್ ಮಾತ್ರ ಮೊದಲ ದಿನವೇ ತೆರೆದವು. ಬರುವವರು ವರ್ಷಕ್ಕೆ 13 ಸಾವಿರ ಮೀರಲಾರರು ಎಂದು ಅಂದಿನ ಸರ್ಕಾರದ ಕೈಯಲ್ಲಿದ್ದ ಅಂದಾಜು ಹೇಳಿತ್ತು. ಬಂದವರು ಅದರ ಹಲವು ಪಟ್ಟು. ಕೋಸು ಕೊಯ್ಯಲು ಕೈಗಳು ಸಿಕ್ಕವು, ಸೂಪರ್‌ಮಾರ್ಕೆಟ್‌ಗಳಿಗೆ ಅಗ್ಗದ ತರಕಾರಿ ಸಿಕ್ಕಿತು. ಮನೆ, ಶಾಲೆ, ವೈದ್ಯರು ಮಾತ್ರ ಅದೇ ವೇಗದಲ್ಲಿ ಹೆಚ್ಚಲಿಲ್ಲ. ಆಮೇಲೆ 2008ರ ಆರ್ಥಿಕ ಕುಸಿತ, 2010ರಿಂದ ಸರ್ಕಾರಿ ಖರ್ಚಿಗೆ ಕತ್ತರಿ. ಬ್ಯಾಂಕಿನ ಶಾಖೆ ಮುಚ್ಚಿತು, ಬಸ್ಸುಗಳು ಕಡಿಮೆಯಾದವು. ಯಾರನ್ನು ಕೇಳಿದರೂ ಲಂಡನ್ನಿನತ್ತ ಬೆರಳು ತೋರಿಸುತ್ತಾರೆ. ಇಂಥ ಜಾಗಕ್ಕೆ ಒಬ್ಬ ನಾಯಕ ಬಂದು, ಪಬ್‌ನಲ್ಲಿ ಬಿಯರ್ ಲೋಟ ಹಿಡಿದು, 'ನಿಮ್ಮ ಮಾತನ್ನು ಇಷ್ಟು ದಿನ ಯಾರೂ ಕೇಳಲಿಲ್ಲ, ಅಲ್ಲವೇ?' ಎನ್ನುವಂತೆ ಮಾತು ತೆಗೆದರೆ ಕಿವಿ ತಾನಾಗಿ ಅತ್ತ ತಿರುಗುತ್ತದೆ. ಅವರ ಮಾತಿನ ಆ ಮೊದಲ ಭಾಗ ನಿಜವೂ ಹೌದು.

ಬ್ರೆಕ್ಸಿಟ್, ಅಂದರೆ ಯುರೋಪಿಯನ್ ಒಕ್ಕೂಟದಿಂದ ಬ್ರಿಟನ್ ಹೊರಬರುವುದು, ಆದ ಮೇಲೆ ವಲಸೆ ತಗ್ಗುತ್ತದೆ ಎಂದರು. ಯುರೋಪಿನವರು ಕಡಿಮೆಯಾದರು ನಿಜ, ಆದರೆ ಕನ್ಸರ್ವೇಟಿವ್ ಸರ್ಕಾರವೇ ಕೇರ್ ಹೋಂಗಳಿಗೆ, ಆಸ್ಪತ್ರೆಗಳಿಗೆ, ವಿಶ್ವವಿದ್ಯಾಲಯಗಳಿಗೆ ಬೇರೆ ಖಂಡಗಳಿಂದ ಜನರನ್ನು ಕರೆಸಿತು. ಬಂದವರಲ್ಲಿ ಹೋದವರನ್ನು ಕಳೆದು ಉಳಿಯುವ ಲೆಕ್ಕ 2023ರ ಮಧ್ಯಭಾಗದ ಹೊತ್ತಿಗೆ ವರ್ಷಕ್ಕೆ ಒಂಬತ್ತು ಲಕ್ಷದ ಆಸುಪಾಸು ಮುಟ್ಟಿತು. ಆ ಕಾಲದಲ್ಲಿ ಬಂದವರಲ್ಲಿ ನಾನೂ ಒಬ್ಬಳು. ನಮ್ಮನ್ನು ಕರೆದವರೂ, ವಲಸೆ ತಗ್ಗಿಸುತ್ತೇವೆಂದು ಮತ ಕೇಳಿದವರೂ ಅವರೇ. ಕೊಟ್ಟ ಮಾತಿಗೆ ಹೀಗೆ ತಪ್ಪಿದವರ ಮೇಲಿನ ಸಿಟ್ಟು 2024ರ ಜುಲೈನಲ್ಲಿ ಹೊರಬಿತ್ತು. 2019ರಲ್ಲಿ ಕನ್ಸರ್ವೇಟಿವ್ ಪಕ್ಷ 25 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದಿದ್ದ ನಮ್ಮ ಬೋಸ್ಟನ್ ಮತ್ತು ಸ್ಕೆಗ್ನೆಸ್ ಕ್ಷೇತ್ರ ರಿಫಾರ್ಮ್‌ನ ರಿಚರ್ಡ್ ಟೈಸ್ ಅವರ ಕೈಗೆ ಹೋಯಿತು.

ಇನ್ನು ಅಪಾಯದ ಮಾತು. ಇಲ್ಲಿಯೂ ನಮ್ಮಲ್ಲಿರುವಂತೆ ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುವ ಪದ್ಧತಿ. ನಮಗೆ ಅದು ಇಲ್ಲಿಂದಲೇ ಬಂದದ್ದು. 2018ರಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್ ಹೆಚ್ಚು ಮತ ಪಡೆದೂ 80 ಸ್ಥಾನಕ್ಕೆ ನಿಂತಿತು, ಬಿಜೆಪಿ 104 ಗೆದ್ದಿತು, ನೆನಪಿರಬಹುದು. ಇಲ್ಲಿ 2024ರಲ್ಲಿ ರಿಫಾರ್ಮ್‌ಗೆ ಬಿದ್ದದ್ದು ಶೇ 14ರಷ್ಟು ಮತ, ಸಿಕ್ಕಿದ್ದು ಐದೇ ಸ್ಥಾನ. ಅದಕ್ಕಿಂತ ಕಡಿಮೆ ಮತ ಪಡೆದ ಲಿಬರಲ್ ಡೆಮಾಕ್ರಟ್‌ಗಳಿಗೆ 72. ಲೇಬರ್ ಪಕ್ಷ ಶೇ 34ರಷ್ಟನ್ನೂ ಮುಟ್ಟದೆ ಸಂಸತ್ತಿನ ಮೂರರಲ್ಲಿ ಎರಡು ಭಾಗಕ್ಕೆ ಹತ್ತಿರ ಬಂದಿತು. ಮತ ಚದುರಿ ಹೋಗಿರುವಾಗ ಶೇ 30ರ ಸುತ್ತ ಬಂದ ಪಕ್ಷಕ್ಕೆ ಅದೇ ಪದ್ಧತಿ ಪೂರ್ಣ ಬಹುಮತ ತಂದುಕೊಡಬಲ್ಲದು. ಲಿಖಿತ ಸಂವಿಧಾನವೂ ಇಲ್ಲದ ದೇಶ ಇದು. ಇಲ್ಲಿ ಸಂಸತ್ತಿನ ಬಹುಮತವೇ ಪರಮಾಧಿಕಾರ. 1998ರ ಮಾನವ ಹಕ್ಕುಗಳ ಕಾಯ್ದೆಯನ್ನು ರದ್ದು ಮಾಡುತ್ತೇವೆ, ಯುರೋಪಿನ ಮಾನವ ಹಕ್ಕುಗಳ ಒಪ್ಪಂದದಿಂದ ಹೊರಬರುತ್ತೇವೆ ಎಂದು ರಿಫಾರ್ಮ್ ಹೇಳಿರುವುದನ್ನು ನಾನು ಹಗುರಾಗಿ ಕಾಣಲಾರೆ.

ಇದಕ್ಕಿಂತ ಹತ್ತಿರದ ಭಯವನ್ನು 2024ರ ಆಗಸ್ಟಿನಲ್ಲಿ ಕಂಡೆ. ಜುಲೈ 29ರಂದು ಸೌತ್‌ಪೋರ್ಟ್‌ನ ನೃತ್ಯ ತರಗತಿಯೊಂದರಲ್ಲಿ ಮೂವರು ಪುಟ್ಟ ಹುಡುಗಿಯರ ಕೊಲೆಯಾಯಿತು. ಕೊಂದವನು ಸಣ್ಣ ದೋಣಿಯಲ್ಲಿ ಕಡಲು ದಾಟಿ ಅನುಮತಿಯಿಲ್ಲದೆ ಬಂದ ಮುಸ್ಲಿಂ ವಲಸಿಗ ಎಂಬ ಸುಳ್ಳು ಸುದ್ದಿ ಗಂಟೆಗಳಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಅವನು ಹುಟ್ಟಿದ್ದು ಬ್ರಿಟನ್ನಿನದೇ ಕಾರ್ಡಿಫ್ ನಗರದಲ್ಲಿ. ನಮ್ಮಿಂದ ಸತ್ಯವನ್ನು ಮುಚ್ಚಿಡಲಾಗುತ್ತಿದೆಯೇ ಎಂದು ಫರಾಜ್ ಅವರು ವಿಡಿಯೊ ಮಾಡಿ ಕೇಳಿದರು. ಆಮೇಲೆ ಹಿಂಸೆಯನ್ನು ಖಂಡಿಸಿದರು, ಅದನ್ನೂ ಹೇಳಬೇಕು. ಆದರೆ ಅಷ್ಟರಲ್ಲಿ ಮಸೀದಿಗೆ ಕಲ್ಲು ಬಿದ್ದಿತ್ತು. ರಾದರಂನಲ್ಲಿ ಆಶ್ರಯ ಕೋರಿ ಬಂದವರು ತಂಗಿದ್ದ ಹೋಟೆಲಿಗೆ ಜನ ಬೆಂಕಿ ಇಡಲು ನೋಡಿದರು. ಸಂಡರ್‌ಲ್ಯಾಂಡ್‌ನಲ್ಲಿ ಕೆಲಸಕ್ಕೆ ಹೊರಟಿದ್ದ ಫಿಲಿಪ್ಪೀನ್ಸ್‌ನ ನರ್ಸ್‌ಗಳ ಮೇಲೆ ಕಲ್ಲು ಎಸೆದರು. ಆ ವಾರ ರಾತ್ರಿ ಪಾಳಿ ಮುಗಿದರೆ ಒಬ್ಬೊಬ್ಬರೇ ಹೋಗಬೇಡಿ ಎಂದು ನಮಗೂ ಸಂದೇಶ ಬಂದಿತ್ತು. ಬೆಳಿಗ್ಗೆ ಏಳೂವರೆಗೆ, ಹಾಡಹಗಲಿನಲ್ಲಿ, ಸಮವಸ್ತ್ರದ ಮೇಲೆ ಕೋಟು ಮುಚ್ಚಿಕೊಂಡು ನಾಲ್ವರು ಗುಂಪಾಗಿ ಬಸ್ ನಿಲ್ದಾಣಕ್ಕೆ ನಡೆದೆವು. ಯಾರೂ ಮಾತಾಡಲಿಲ್ಲ.

ಇಲ್ಲಿನ ಕನ್ನಡದವರಲ್ಲಿ ಕೆಲವರು, ನಾವು ಕಾನೂನುಬದ್ಧವಾಗಿ ಬಂದವರು, ಅವರ ಕೋಪ ದೋಣಿಯಲ್ಲಿ ಬಂದವರ ಮೇಲೆ, ನಮಗೇನು ಎನ್ನುತ್ತಾರೆ. ನನಗೆ ಇದು ಬಹಳ ನೋವು ತರುವ ಮಾತು. ಸುರಕ್ಷಿತ ಲೆಕ್ಕಾಚಾರವೂ ಇದಲ್ಲ. ಐದು ವರ್ಷ ದುಡಿದು, ಪರೀಕ್ಷೆ ಬರೆದು, ತಲೆಗೆ ಮೂರು ಸಾವಿರ ಪೌಂಡ್ ದಾಟಿದ ಶುಲ್ಕ ಕಟ್ಟಿದರೆ ಸಿಗುವ ಕಾಯಂ ವಾಸದ ಹಕ್ಕನ್ನೇ, ನಾವೆಲ್ಲ ಐಎಲ್‌ಆರ್ ಎನ್ನುವುದನ್ನೇ, ತೆಗೆದುಹಾಕುತ್ತೇವೆ ಎಂದು ರಿಫಾರ್ಮ್ 2025ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ಅದನ್ನು ಈಗಾಗಲೇ ಪಡೆದವರೂ ಹೊಸ ಷರತ್ತುಗಳಡಿ ಮತ್ತೆ ಅರ್ಜಿ ಹಾಕಬೇಕಂತೆ. ಇದು ದೋಣಿಯವರ ವಿಷಯವಲ್ಲ. ಆ ಸುದ್ದಿಯನ್ನು ಪಕ್ಕದ ಮನೆಯ ಹಿರಿಯರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. 'ನಿನ್ನಂಥವರಿಗೆ ಅಲ್ಲ ಡಕ್, ಇದು ನಿನಗೆ ಅನ್ವಯಿಸದು' ಎಂದರು. ಅನ್ವಯಿಸುತ್ತದೆ, ನನಗಿನ್ನೂ ಒಂದು ವರ್ಷ ಬಾಕಿಯಿದೆ ಎಂದೆ. ಬಹಳ ಹೊತ್ತು ಸುಮ್ಮನಿದ್ದರು. ಅವರ ಹಲ್ಲಿಗೆ ವೈದ್ಯರು ಸಿಗದಿರಲು ನಾನು ಕಾರಣಳಲ್ಲ ಎಂಬುದು ಅವರಿಗೆ ಗೊತ್ತು. ಆ ಪಕ್ಷಕ್ಕೆ ಅದನ್ನು ಹೇಳುವವರು ಯಾರು?

ಇತರ ಪಕ್ಷಗಳೂ ಅದೇ ದಾರಿ ಹಿಡಿದಿರುವುದು ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ. 2025ರ ಮೇ ತಿಂಗಳಲ್ಲಿ ರಿಫಾರ್ಮ್ ನಮ್ಮ ಲಿಂಕನ್‌ಶೈರ್ ಸೇರಿ ಹತ್ತು ಕೌನ್ಸಿಲ್‌ಗಳನ್ನು ಗೆದ್ದ ಕೆಲವೇ ದಿನಗಳಲ್ಲಿ ಪ್ರಧಾನಿ ಕೀರ್ ಸ್ಟಾರ್ಮರ್ ಅವರು ದೇಶವು 'ಅಪರಿಚಿತರ ದ್ವೀಪ'ವಾಗುವ ಅಪಾಯವಿದೆ ಎಂದರು. ಆಮೇಲೆ ಆ ಮಾತಿಗೆ ವಿಷಾದಿಸಿದರು. ಆದರೆ ಕಾಯಂ ವಾಸಕ್ಕೆ ಐದರ ಬದಲು ಹತ್ತು ವರ್ಷ ಎಂಬ ಪ್ರಸ್ತಾವವನ್ನು ಆ ಮಾತು ಆಡಿದ ದಿನವೇ ಮುಂದಿಟ್ಟಿದ್ದು ಅವರದೇ ಸರ್ಕಾರ. ಅಧಿಕಾರಕ್ಕೆ ಬಾರದೆಯೇ ಒಂದು ಪಕ್ಷ ಎಷ್ಟು ಕೆಲಸ ಮಾಡಿಸಬಲ್ಲದು ನೋಡಿ.

ಹಾಗಾದರೆ ನೀವು ಬರಬಾರದೇ? ಬನ್ನಿ. ದಿನನಿತ್ಯದಲ್ಲಿ ನನಗೆ ಸಿಕ್ಕಿರುವುದು ಹೆಚ್ಚಾಗಿ ಒಳ್ಳೆಯತನವೇ. ಮನೆ ಕೊಳ್ಳುವ ಅವಸರ ಬೇಡ, ವೀಸಾ ನಿಯಮ ಇಂದಿನಂತೆ ನಾಳೆಯೂ ಇರುತ್ತದೆಂಬ ನಂಬಿಕೆಯ ಮೇಲೆ ಸಾಲ ಮಾಡಬೇಡಿ. ಮತ್ತೆ, ನಮ್ಮವರಲ್ಲಿ ಅನೇಕರಿಗೆ ತಿಳಿಯದ ಒಂದು ವಿಷಯ: ಇಲ್ಲಿ ವಾಸವಿರುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ, ಅಂದರೆ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ನಮಗೂ, ಸಂಸತ್ತಿನ ಚುನಾವಣೆಯೂ ಸೇರಿದಂತೆ ಮತದಾನದ ಹಕ್ಕಿದೆ. ಬಂದ ವಾರವೇ ಹೆಸರು ನೋಂದಾಯಿಸಿ, ಆನ್‌ಲೈನ್‌ನಲ್ಲಿ ಐದು ನಿಮಿಷದ ಕೆಲಸ. ಮತಗಟ್ಟೆಗೆ ಪಾಸ್‌ಪೋರ್ಟ್ ಒಯ್ಯಿರಿ, ಅದನ್ನೇ ಗುರುತಿನ ಚೀಟಿಯಾಗಿ ಒಪ್ಪುತ್ತಾರೆ. ಬೆರಳಿಗೆ ಶಾಯಿ ಹಾಕುವುದಿಲ್ಲ, ಯಂತ್ರವೂ ಇಲ್ಲ. ಒಂದು ಕಾಗದ, ದಾರ ಕಟ್ಟಿದ ಒಂದು ಪೆನ್ಸಿಲ್. 2025ರ ಆ ಮೇ ತಿಂಗಳಲ್ಲಿ ನನ್ನನ್ನು ಚರ್ಚಿನ ಸಭಾಂಗಣಕ್ಕೆ ಕಾರಿನಲ್ಲಿ ಕರೆದುಕೊಂಡು ಹೋದವರು ಅದೇ ಪಕ್ಕದ ಮನೆಯ ಹಿರಿಯರು. ಅವರು ತಮ್ಮ ಪಕ್ಷಕ್ಕೆ ಹಾಕಿದರು, ನಾನು ನನ್ನದಕ್ಕೆ.