‘ಧಾರವಾಡದಲ್ಲಿ’ ಕೊಂಡಿ ಯಾಕೆ ಕೆಂಪಾಯಿತು?

ಪ್ರಶ್ನೆ: ಕನ್ನಡ ವಿಕಿಪೀಡಿಯಕ್ಕೆ ಈಗಷ್ಟೇ ಬರೆಯಲು ಶುರು ಮಾಡಿದ್ದೇನೆ. ‘ಧಾರವಾಡದಲ್ಲಿ’ ಎಂಬ ಪದಕ್ಕೆ ಕೊಂಡಿ ಕೊಟ್ಟರೆ ಕೆಂಪಾಗುತ್ತದೆ. ಧಾರವಾಡದ ಪುಟ ಇದೆಯಲ್ಲ? ಇನ್ನೊಂದು, ಬೇಂದ್ರೆಯವರ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಪುಟಕ್ಕೆ ಯಾವ ಹೆಸರು ಇಡಬೇಕು?

ಉತ್ತರ: ಧಾರವಾಡದ ಪುಟ ಇದೆ. ಆದರೆ ‘ಧಾರವಾಡದಲ್ಲಿ’ ಅನ್ನೋ ಹೆಸರಿನ ಪುಟ ಇಲ್ಲ, ಅಲ್ವಾ? ಇಲ್ಲದ ಪುಟಕ್ಕೆ ಕೊಟ್ಟ ಕೊಂಡಿ ಕೆಂಪಾಗುತ್ತದೆ. ವಿಕಿ ತಂತ್ರಾಂಶಕ್ಕೆ ವಿಭಕ್ತಿ ಗೊತ್ತಾಗುವುದಿಲ್ಲ. ಅಕ್ಷರಕ್ಕೆ ಅಕ್ಷರ ಹೊಂದಿದರೆ ಮಾತ್ರ ಪುಟ ಸಿಗುತ್ತದೆ. ಹಾಗಾಗಿ ನಡುವೆ ಒಂದು ನಿಂತ ಗೆರೆ ಹಾಕಿ: [[ಧಾರವಾಡ|ಧಾರವಾಡದಲ್ಲಿ]]. ಎಡಕ್ಕೆ ಪುಟದ ಹೆಸರು, ಬಲಕ್ಕೆ ಓದುವವರಿಗೆ ಕಾಣುವ ಪದ.

[[ಧಾರವಾಡ]]ದಲ್ಲಿ ಎಂದು ಬರೆದರೂ ನಡೆಯುತ್ತದೆ. ಆದರೆ ‘ಮೈಸೂರು’ ಹೋಗಿ ‘ಮೈಸೂರಿನಲ್ಲಿ’ ಆಗುವಾಗ ಕೊನೆಯ ಅಕ್ಷರವೇ ಬದಲಾಗುತ್ತದೆ. ಅಲ್ಲಿ ಗೆರೆ ಬೇಕೇ ಬೇಕು. ಕೊಂಡಿ ಕೂಡಲಿ ಅಂತ ‘ಮೈಸೂರುನಲ್ಲಿ’ ಎಂದು ಬರೆದಿರುವುದನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಮೊದಲು ವಾಕ್ಯವನ್ನು ಸಹಜವಾಗಿ ಬರೆಯಿರಿ, ಆಮೇಲೆ ಕೊಂಡಿ ಹಾಕಿ.

ಬೇಂದ್ರೆಯವರ ಪುಟ ಆಗಲೇ ಇದೆ, ಹೊಸದು ಬೇಡ. ಯಾರ ಬಗ್ಗೆಯೇ ಆಗಲಿ, ಮೊದಲು ನಾಲ್ಕಾರು ರೀತಿಯಲ್ಲಿ ಹುಡುಕಿ ನೋಡಿ. ‘ದ.ರಾ.ಬೇಂದ್ರೆ’ ಮತ್ತು ‘ದ. ರಾ. ಬೇಂದ್ರೆ’ ನಮಗೆ ಒಂದೇ. ತಂತ್ರಾಂಶಕ್ಕೆ ನಡುವಿನ ಜಾಗದಿಂದಲೇ ಅವು ಎರಡು. ‘ರಾಜ್‌ಕುಮಾರ್’ ಇನ್ನೂ ಕಷ್ಟ. ‘ಜ್’ ಆದ ಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತದೆ. ಅದು ಇಲ್ಲದಿದ್ದರೆ ‘ರಾಜ್ಕುಮಾರ್’ ಎಂದು ಒತ್ತಕ್ಷರ ಬೀಳುತ್ತದೆ, ಹೆಸರೂ ಬೇರೆಯಾಗುತ್ತದೆ. ಜನ ಜಾಸ್ತಿ ಬಳಸುವ ರೂಪವನ್ನೇ ಪುಟದ ಹೆಸರಾಗಿಡಿ. ಪೂರ್ತಿ ಹೆಸರು, ‘ಅಂಬಿಕಾತನಯದತ್ತ’ದಂಥ ಕಾವ್ಯನಾಮ, ಬೇರೆ ಕಾಗುಣಿತ, ಇವೆಲ್ಲಕ್ಕೂ ರೀಡೈರೆಕ್ಟ್ ಮಾಡಿ, ಅಂದರೆ ಆ ಹೆಸರಲ್ಲಿ ಬಂದವರನ್ನು ತಾನಾಗಿಯೇ ಈ ಪುಟಕ್ಕೆ ಕಳಿಸುವ ಪುಟ್ಟ ಪುಟ ಮಾಡಿ. ಅದರಲ್ಲಿ ಜಿಪುಣತನ ಬೇಡ. ಯಾವ ಹೆಸರು ಹಾಕಿ ಹುಡುಕಿದರೂ ಪುಟ ಸಿಗಬೇಕು.

ಇರುವ ಪುಟದ ಹೆಸರು ಬದಲಿಸಬೇಕಾದರೆ ‘ಸ್ಥಳಾಂತರಿಸಿ’ ಎಂಬ ಆಯ್ಕೆ ಬಳಸಿ. ಬರಹವನ್ನು ಕಾಪಿ ಮಾಡಿ ಹೊಸ ಪುಟಕ್ಕೆ ಹಾಕಬೇಡಿ. ಹಾಗೆ ಮಾಡಿದರೆ ಯಾರು ಯಾವಾಗ ಏನು ಬರೆದರು ಎಂಬ ಇತಿಹಾಸ ಹಳೆಯ ಪುಟದಲ್ಲೇ ಉಳಿದುಬಿಡುತ್ತದೆ. ಬೇರೆಯವರ ದುಡಿಮೆಗೆ ಇದು ಅನ್ಯಾಯ. ವಿಕಿಪೀಡಿಯದ ಪರವಾನಗಿಯೂ ಬರೆದವರಿಗೆ ಮನ್ನಣೆ ಕೊಡಲೇಬೇಕು ಎನ್ನುತ್ತದೆ.

2014ರ ನವೆಂಬರ್ 1ರಂದು ಬಿಜಾಪುರ ಅಧಿಕೃತವಾಗಿ ವಿಜಯಪುರವಾಯಿತು. ಇಂಥ ಕಡೆ ಪುಟವನ್ನು ಸ್ಥಳಾಂತರಿಸಿದರೆ ಹಳೆಯ ಹೆಸರಲ್ಲಿ ತಾನಾಗಿಯೇ ರೀಡೈರೆಕ್ಟ್ ಉಳಿಯುತ್ತದೆ, ಹಳೆಯ ಕೊಂಡಿಗಳು ಮುರಿಯುವುದಿಲ್ಲ. ಆದರೆ ದೇವನಹಳ್ಳಿ ತಾಲೂಕಿನಲ್ಲೂ ಒಂದು ವಿಜಯಪುರ ಇದೆ! ಸುಮ್ನೆ [[ವಿಜಯಪುರ]] ಅಂತ ಹಾಕಿ ಮುಂದೆ ಹೋಗಬೇಡಿ, ಕೊಂಡಿ ಒತ್ತಿ ಯಾವ ಊರಿಗೆ ಹೋಗುತ್ತದೆ ನೋಡಿ. ಸ್ಥಳಾಂತರ ಆದ ಮೇಲೆ ‘ಇಲ್ಲಿಗೆ ಯಾವ ಸಂಪರ್ಕ ಕೂಡುತ್ತದೆ’ ಎಂಬ ಪಟ್ಟಿಯನ್ನೂ ತೆರೆಯಿರಿ, ಈ ಪುಟಕ್ಕೆ ಕೊಂಡಿ ಕೊಟ್ಟ ಪುಟಗಳೆಲ್ಲ ಅಲ್ಲಿ ಸಿಗುತ್ತವೆ. ಒಂದು ರೀಡೈರೆಕ್ಟ್ ಇನ್ನೊಂದು ರೀಡೈರೆಕ್ಟ್‌ಗೆ ಹೋಗುತ್ತಿದ್ದರೆ ಓದುಗರು ನಡುವೆಯೇ ನಿಂತುಬಿಡುತ್ತಾರೆ. ಅದನ್ನು ನೇರವಾಗಿ ಕೊನೆಯ ಪುಟಕ್ಕೇ ತಿರುಗಿಸಿ.