ಸ್ಕ್ಯಾನಿಂಗ್ ಡೇಟ್ ಬರೂತನಕ

ಈ ಪ್ರಕರಣದಲ್ಲಿ ಯಾರ ಹೆಸರೂ ಇಲ್ಲ. ಓಣಿ, ಕೆಲಸ, ಮನೆಯವರ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ‘ನನ್ನಂಗ ಬಾಯಿ ಮುಚ್ಕೊಂಡು ಕುಂತಾಕಿ ಯಾರರ ಇದ್ರ ಓದ್ಲಿ, ಬರೀರಿ’ ಅಂದರು. ಇಲ್ಲಿ ಅವರನ್ನು ಅಕ್ಕ ಎಂದು ಕರೆಯುತ್ತೇನೆ. ಎದುರಿಗೂ ಹಾಗೇ ಕರೆಯುತ್ತಿದ್ದೆ.

ಅಕ್ಕನಿಗೆ 34 ವರ್ಷ. ಧಾರವಾಡದಲ್ಲಿ ಮನೆ. ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುವ ಕೆಲಸ. ಗಂಡ ಟಂಟಂ ಓಡಿಸುತ್ತಾರೆ. ಮಗಳು ಒಂಬತ್ತನೇ ಕ್ಲಾಸು. ಅತ್ತೆ ಜೊತೆಗಿದ್ದಾರೆ. ನನ್ನ ಹತ್ತಿರ ಆಪ್ತಸಲಹೆಗೆ ಬಂದಾಗ ಅವರು ಎದೆಯಲ್ಲಿನ ಗಂಟಿನ ಮಾತೇ ಎತ್ತಲಿಲ್ಲ. ನಿದ್ದೆ ಬರುತ್ತಿಲ್ಲ, ಹಂಚಿನ ಮೇಲೆ ರೊಟ್ಟಿ ಹೊತ್ತಿದರೂ ಖಬರು ಇರುವುದಿಲ್ಲ, ಮೊನ್ನೆ ಮಗಳ ಮೇಲೆ ಕೈ ಎತ್ತಿದೆ ಎಂದರು. ಸಂಘದ ಗೆಳತಿ ಕರೆದುಕೊಂಡು ಬಂದಿದ್ದರು. ಬಾಗಿಲಲ್ಲೇ ನಿಂತು ಅಕ್ಕ ಕೇಳಿದ್ದು, ‘ಇದು ಹುಚ್ಚರ ದವಾಖಾನಿ ಅಲ್ಲಲ್ರಿ?’ ನಮ್ಮ ಕಡೆ ಯಾರಿಗಾದರೂ ತಲೆ ಕೆಟ್ಟಿದೆ ಅನ್ನಬೇಕಾದರೆ ‘ಧಾರವಾಡಕ್ಕ ಕಳಸ್ರಿ’ ಅಂತ ಚೇಷ್ಟೆ ಮಾಡುತ್ತಾರೆ. ಮಾನಸಿಕ ರೋಗಗಳ ಆಸ್ಪತ್ರೆ ಡಿಮ್ಹಾನ್ಸ್ ಇಲ್ಲೇ ಇದೆಯಲ್ಲ. ಧಾರವಾಡದಲ್ಲೇ ಹುಟ್ಟಿ ಬೆಳೆದವರನ್ನು ಎಲ್ಲಿಗೆ ಕಳಿಸಬೇಕೋ ಗೊತ್ತಿಲ್ಲ.

ಅರ್ಧ ತಾಸು ನಿದ್ದೆಯ ಮಾತೇ ಆಡಿದೆವು. ಆಮೇಲೆ ಗೆಳತಿಗೆ ಚಹಾ ಕುಡಿದು ಬಾ ಎಂದು ಹೊರಗೆ ಕಳಿಸಿದರು. ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಹೇಳಿದರು. ಪಂಚಮಿಗೆ ತವರಿಗೆ ಹೋದಾಗ, ಎರೆದುಕೊಳ್ಳುವಾಗ, ಎದೆಯಲ್ಲಿ ಗಂಟು ಕೈಗೆ ಸಿಕ್ಕಿತ್ತು. ಹುಣಸೆ ಬೀಜದಷ್ಟು. ನೋವಿಲ್ಲ. ಒತ್ತಿದರೆ ಜಾರುತ್ತದೆ. ಆವತ್ತು ಉಂಡಿ ಕಟ್ಟಿದರು, ಜೋಕಾಲಿ ಆಡಿದರು, ಯಾರಿಗೂ ಹೇಳಲಿಲ್ಲ.

ಹನ್ನೆರಡು ದಿನ ಹಾಗೇ ಹೋಯಿತು. ಆ ತಡ ತನ್ನದೇ ಎಂದು ಅಕ್ಕ ಒಪ್ಪುತ್ತಾರೆ. ಆಮೇಲಿನ ತಡ ಅವರದಲ್ಲ.

ಓಣಿಯಲ್ಲಿರುವ ಸರ್ಕಾರದ ‘ನಮ್ಮ ಕ್ಲಿನಿಕ್’ನಲ್ಲಿ ತೋರಿಸಿದರು. ಅಲ್ಲಿನ ಡಾಕ್ಟರು ದೊಡ್ಡ ದವಾಖಾನೆಗೆ ಚೀಟಿ ಬರೆದುಕೊಟ್ಟರು. ಅದು ಹುಬ್ಬಳ್ಳಿಯಲ್ಲಿ. ಚಿಗರಿ ಬಸ್ಸು ಬೇಗ ಹೋಗುತ್ತದೆ, ಆದರೆ ಅದು ಎಸಿ ಬಸ್ಸು, ಶಕ್ತಿ ಯೋಜನೆ ಅದಕ್ಕಿಲ್ಲ, ರೊಕ್ಕ ಕೊಟ್ಟು ಟಿಕೆಟ್ ತೆಗೆಯಬೇಕು. ಪುಕ್ಕಟೆ ಬಸ್ಸಿನಲ್ಲಿ ಹೋದರೆ ಹೊತ್ತಾಗುತ್ತದೆ. ಮೊದಲ ದಿನ ರೊಟ್ಟಿ ಬಡಿದು, ಪುಕ್ಕಟೆ ಬಸ್ಸು ಹಿಡಿದು ಹೋಗಿ ಮುಟ್ಟುವಷ್ಟರಲ್ಲಿ ಒಪಿಡಿ ಚೀಟಿ ಬಂದ್ ಆಗಿತ್ತು. ಎರಡನೇ ಸಲ ಚೀಟಿ ಸಿಕ್ಕಿತು, ಆದರೆ ಲೇಡಿ ಡಾಕ್ಟರು ಮಂಗಳವಾರ ಮತ್ತು ಶುಕ್ರವಾರ ಮಾತ್ರ. ಗಂಡಸು ಡಾಕ್ಟರ ಮುಂದೆ ಸೆರಗು ಸರಿಸಲು ಮನಸ್ಸಾಗಲಿಲ್ಲ, ಪಾಳಿ ಬಿಟ್ಟು ಎದ್ದು ಬಂದರು. ಮೂರನೇ ಸಲ ಶುಕ್ರವಾರ. ಲೇಡಿ ಡಾಕ್ಟರು ಸಿಕ್ಕರು. ಮುಟ್ಟಿ ನೋಡಿ, ‘ಸ್ಕ್ಯಾನಿಂಗ್ ಮಾಡ್ಸಿ ಬಾ’ ಎಂದರು. ಎಲ್ಲ ಸೇರಿ ನಾಲ್ಕು ನಿಮಿಷ. ಸ್ಕ್ಯಾನಿಂಗ್ ಕೌಂಟರಿನಲ್ಲಿ ಸಿಕ್ಕ ಡೇಟು 22 ದಿನದ ಮೇಲೆ.

ನನ್ನ ಹತ್ತಿರ ಬಂದದ್ದು ಆ 22 ದಿನಗಳ ನಡುವೆ.

‘ಕಂಡಕ್ಟರ್ ನವನಗರ, ನವನಗರ ಅಂತ ಒದರ್ತಾನ್ರಿ. ನಾ ಕಣ್ಣ ಮುಚ್ಚತೇನಿ’ ಎಂದರು. ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವಾಗ ನವನಗರ ದಾಟಿಯೇ ಹೋಗಬೇಕು, ಕ್ಯಾನ್ಸರ್ ಆಸ್ಪತ್ರೆ ಇರುವುದು ಅಲ್ಲಿ. ಉಣಕಲ್ ಕೆರೆ ಕಂಡ ಮೇಲೆ ಕಣ್ಣು ಬಿಡುತ್ತಿದ್ದರಂತೆ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಧೈರ್ಯ ತುಂಬೋಣ ಅಂತ, ‘ಅಕ್ಕಾ, ಈ ವಯಸ್ಸಿನಲ್ಲಿ ಹೆಚ್ಚಿನ ಗಂಟು ಕ್ಯಾನ್ಸರ್ ಇರುವುದಿಲ್ಲ’ ಎಂದೆ. ಮಾತು ಸುಳ್ಳಲ್ಲ. ಆದರೆ ಅಕ್ಕ ನನ್ನ ಮುಖ ನೋಡಿ ಕೇಳಿದರು, ‘ಹೆಚ್ಚಿನವು ಅಂದ್ರ, ಉಳಿದವು ಯಾರವು ರೀ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಹೆದರಿದವರಿಗೆ ಲೆಕ್ಕ ಹೇಳಿದರೆ ಅವರು ತಮ್ಮನ್ನು ಆ ಸಣ್ಣ ಪಾಲಿನಲ್ಲೇ ಸೇರಿಸಿಕೊಳ್ಳುತ್ತಾರೆ. ಇದು ಗೊತ್ತಿದ್ದೂ ಹೇಳಿದೆ. ನನಗೇ ಆ ಕ್ಷಣ ಸುಮ್ಮನಿರಲು ಆಗಲಿಲ್ಲ, ಅಷ್ಟೇ.

ಆಮೇಲೆ ದಾರಿ ಬದಲಿಸಿದೆ. ದಿನಕ್ಕೆ ಎಷ್ಟು ಸಲ ಗಂಟು ಮುಟ್ಟಿ ನೋಡುತ್ತೀರಿ ಎಂದು ಕೇಳಿದೆ. ಲೆಕ್ಕ ಇಟ್ಟಿರಲಿಲ್ಲ. ಒಂದು ದಿನ ಲೆಕ್ಕ ಇಡಿ ಎಂದೆ. ಮರುದಿನ ಫೋನ್ ಮಾಡಿ, ‘ಮಧ್ಯಾಹ್ನಕ್ಕ ಮೂವತ್ತ ಆತ್ರಿ, ಮುಂದ ಬಿಟ್ಟೆ’ ಎಂದರು. ಹಾಗೆ ಒತ್ತಿ ಒತ್ತಿ ಆ ಜಾಗ ನೋಯುತ್ತಿತ್ತು. ನೋವು ಶುರುವಾಯಿತಲ್ಲ ಅಂತ ಹೆದರಿಕೆ, ಹೆದರಿಕೆಗೆ ಮತ್ತೆ ಒತ್ತುವುದು. ಮುಟ್ಟಲೇಬೇಡಿ ಅಂದರೆ ಆಗುವ ಮಾತಲ್ಲ. ಅದಕ್ಕೇ ಹೀಗೆ ಒಪ್ಪಂದ ಮಾಡಿಕೊಂಡೆವು: ಡಾಕ್ಟರು ಮುಟ್ಟಿ ನೋಡಿ ಆಗಿದೆ, ಇನ್ನು ನೋಡಬೇಕಾದ್ದು ಮಷೀನು. ರವಿವಾರ ಎರೆದುಕೊಳ್ಳುವಾಗ ಒಂದೇ ಸಲ ಮುಟ್ಟುವುದು. ಉಳಿದ ದಿನ ಕೈ ಅತ್ತ ಹೋದರೆ ಜೋಳದ ಹಿಟ್ಟಿಗೆ ಕೈ ಹಾಕುವುದು. ಹಿಟ್ಟು ಮೆತ್ತಿದ ಕೈ ಸೆರಗಿನೊಳಗೆ ಹೋಗುವುದಿಲ್ಲವಲ್ಲ! ಹಿಟ್ಟಿನ ಉಪಾಯ ಅವರದೇ.

ಚಿಂತೆಗೂ ಒಂದು ಹೊತ್ತು ಗೊತ್ತು ಮಾಡಿದೆವು. ಸಂಜೆ ಚಹಾ ಆದ ಮೇಲೆ ಇಪ್ಪತ್ತು ನಿಮಿಷ, ಮಾಳಿಗೆ ಮೇಲೆ ಕೂತು, ಏನೇನು ಕೆಟ್ಟದ್ದು ಬರುತ್ತದೋ ಎಲ್ಲ ಬರಲಿ. ರಾತ್ರಿ ಎರಡು ಗಂಟೆಗೆ ಬಂದ ಚಿಂತೆಗೆ ‘ಸಂಜಿಕೆ ಬಾ’ ಅನ್ನುವುದು. ಕೇಳಲು ಹುಡುಗಾಟದಂತೆ ಕಾಣುತ್ತದೆ, ಎಲ್ಲರಿಗೂ ಹತ್ತುವುದೂ ಇಲ್ಲ. ಅಕ್ಕನಿಗೆ ಸ್ವಲ್ಪ ಹತ್ತಿತು.

ಆದರೆ ನಿಜವಾಗಿ ನಿದ್ದೆ ಬಂದದ್ದು ಬೇರೆ ಕಾರಣಕ್ಕೆ. ಮೊದಲ ಭೇಟಿಯ ಕೊನೆಗೆ ನಾನು ಕೇಳಿದ್ದೆ, ‘22 ದಿನ ಕಾದರೆ ಏನಾದರೂ ಹದಗೆಡುತ್ತದಾ ಅಂತ ಡಾಕ್ಟರನ್ನು ಕೇಳಿದಿರಾ?’ ಕೇಳಿರಲಿಲ್ಲ. ಹಿಂದೆ ಪಾಳಿ ಇತ್ತು, ಡಾಕ್ಟರು ಮುಂದಿನವರ ಹೆಸರು ಕೂಗಿಯಾಗಿತ್ತು. ಅಕ್ಕನ ಹೆದರಿಕೆಯ ಅರ್ಧ ಪಾಲು ಈ ಕೇಳದ ಪ್ರಶ್ನೆಯೇ. ಗಂಟು ಒಂದು ಕಡೆ. ‘ಬ್ಯಾರೆ ಕಡೆ ರೊಕ್ಕ ಕೊಟ್ಟು ಇವತ್ತ ಮಾಡಸ್ಬೇಕಿತ್ತೇನು, ನಾ ಕಂಜೂಸ್ತನ ಮಾಡಿ ಸಾಯಾಕತ್ತೇನೇನು’ ಅನ್ನುವುದು ಇನ್ನೊಂದು ಕಡೆ. ಸಂಘದಲ್ಲಿ ಸಾಲ ಕೇಳಲೂ ಹೊರಟಿದ್ದರು.

ಸಾಲದ ಬಗ್ಗೆ ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮೊದಲು ಮಂಗಳವಾರ ಹೋಗಿ ಈ ಒಂದು ಪ್ರಶ್ನೆ ಕೇಳಿ ಬನ್ನಿ ಎಂದೆ. ಚೀಟಿಯ ಹಿಂದೆ ಬರೆದುಕೊಟ್ಟೆ, ಏಕೆಂದರೆ ಡಾಕ್ಟರ ಮುಂದೆ ನಿಂತಾಗ ಬಾಯಿ ಒಣಗುತ್ತದೆ. ಎರಡು ಸಲ ಇಲ್ಲೇ ಹೇಳಿಸಿದೆ. ನಾನು ಡಾಕ್ಟರಾದೆ, ಮುಖ ಎತ್ತದೆ ‘ನೆಕ್ಸ್ಟ್’ ಎಂದೆ. ಎರಡನೇ ಸಲ ಅಕ್ಕ ಕುರ್ಚಿ ಬಿಟ್ಟು ಏಳಲಿಲ್ಲ.

ಮಂಗಳವಾರ ಡಾಕ್ಟರು ಸರಿಯಾಗಿಯೇ ಉತ್ತರ ಕೊಟ್ಟರಂತೆ. ಗಂಟು ಮೆತ್ತಗೆ ಜಾರುತ್ತದೆ, ಬಗಲಲ್ಲಿ ಏನೂ ಸಿಗಲಿಲ್ಲ, ಈ ಕೆಲವು ವಾರ ಕಾದರೆ ತೊಂದರೆಯಿಲ್ಲ. ಆದರೆ ಚರ್ಮ ಒಳಗೆ ಎಳೆದಂತೆ ಗುಳಿ ಬಿದ್ದರೆ, ತೊಟ್ಟು ಒಳಗೆ ಸರಿದರೆ, ರಕ್ತ ಬಂದರೆ, ಗಂಟು ಬೇಗ ದೊಡ್ಡದಾದರೆ, ಕೆಂಪಾಗಿ ಜ್ವರ ಬಂದರೆ ಡೇಟಿಗೆ ಕಾಯದೆ ಬಾ ಎಂದರು. ಅಕ್ಕ ಆ ರಾತ್ರಿ ಆರು ತಾಸು ಮಲಗಿದರು. ಮೊದಲ ಶುಕ್ರವಾರವೇ ಈ ಒಂದು ನಿಮಿಷದ ಮಾತು ಸಿಕ್ಕಿದ್ದರೆ ನನ್ನ ಹತ್ತಿರ ಬರುವ ಕೆಲಸವೇ ಇರಲಿಲ್ಲ. ಡಾಕ್ಟರ ಮೇಲೆ ನನಗೆ ಸಿಟ್ಟಿಲ್ಲ, ಅವರ ಟೇಬಲ್ಲಿನ ಮೇಲಿನ ಚೀಟಿಗಳ ಗಂಟು ನಾನೂ ನೋಡಿದ್ದೇನೆ. ಆದರೂ ಕೆಲವು ಸಲ ಅನಿಸುತ್ತದೆ, ನನ್ನ ಕೆಲಸ ಆಪ್ತಸಲಹೆಯೋ, ಕೌಂಟರಿನ ಮುಂದೆ ನಿಲ್ಲುವ ತರಬೇತಿಯೋ?

ಮನೆಯಲ್ಲಿ ಹೇಳುವ ವಿಷಯಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ಗಂಡ ಹೆದರುತ್ತಾರೆ, ಅತ್ತೆ ಓಣಿಗೆಲ್ಲ ಸಾರುತ್ತಾರೆ ಅಂತ ಅಕ್ಕನ ಲೆಕ್ಕ. ಎಲ್ಲರಿಗೂ ಬೇಡ, ಒಬ್ಬರಿಗೆ ಹೇಳಿ ಎಂದೆ. ಮಲಗುವ ಹೊತ್ತಿನಲ್ಲಿ ಬೇಡ, ಊಟದ ಮುಂಚೆಯೂ ಬೇಡ. ‘ಒಂದು ಗಂಟು ಆಗೇತಿ, ಡಾಕ್ಟರಿಗೆ ತೋರ್ಸೇನಿ, ಈ ತಾರೀಖಿಗೆ ಸ್ಕ್ಯಾನಿಂಗ್ ಐತಿ, ನೀವು ಜೋಡಿ ಬರ್ರಿ.’ ಕೊನೆಯ ತುಂಡು ಮರೆಯಬೇಡಿ ಎಂದಿದ್ದೆ. ಸುದ್ದಿ ಮಾತ್ರ ಕೊಟ್ಟರೆ ಗಂಡಸರಿಗೆ ಏನು ಮಾಡಬೇಕು ತಿಳಿಯುವುದಿಲ್ಲ, ಒಂದು ಕೆಲಸ ಕೊಡಬೇಕು. ಗಂಡ ಏನೂ ಮಾತಾಡದೆ ಎದ್ದು ಹೋಗಿ ರಾತ್ರಿ ಹತ್ತಕ್ಕೆ ಟಂಟಂ ತೊಳೆದರಂತೆ. ಬೆಳಿಗ್ಗೆ ‘ಎಷ್ಟ ಗಂಟೇಕ ಹೋಗೂದು’ ಎಂದರು. ಅತ್ತೆಗೆ ಹೇಗೋ ಗೊತ್ತಾಯಿತು. ಅವರು ಓಣಿಗೆ ಸಾರಲಿಲ್ಲ. ಸುಣ್ಣ ಅರಿಶಿನ ಕಲಸಿ ತಂದರು. ಅದನ್ನು ಹಚ್ಚಬೇಡಿ, ಸುಣ್ಣ ಚರ್ಮ ಸುಟ್ಟರೆ ನಾಳೆ ಡಾಕ್ಟರಿಗೆ ನೋಡುವುದು ಕಷ್ಟ ಎಂದೆ. ಅಕ್ಕ ಆ ಬಟ್ಟಲನ್ನು ತುಳಸಿಕಟ್ಟೆ ಹಿಂದೆ ಚೆಲ್ಲಿ, ಹಚ್ಚಿದೆ ಎಂದು ಹೇಳಿದರು. ಅದಕ್ಕೆ ನನ್ನ ತಕರಾರಿಲ್ಲ.

ಚೌತಿ ಬಂತು, ಹನ್ನೊಂದು ದಿನದ ಗಣಪನೂ ಹೋದ. ಸ್ಕ್ಯಾನಿಂಗ್ ಆಯಿತು. ಅಲ್ಲಿಗೆ ಮುಗಿಯಬೇಕಿತ್ತು.

ಆ ಶನಿವಾರ ರಾತ್ರಿ ಒಂಬತ್ತಕ್ಕೆ ಫೋನ್. ಅಳು, ಹಿಂದೆ ಅತ್ತೆಯ ಅಳು. ಸಂಜೆ ರಿಪೋರ್ಟ್ ಕೈಗೆ ಸಿಕ್ಕಿತ್ತು, ಡಾಕ್ಟರು ಸಿಗುವುದು ಮಂಗಳವಾರ. ಭಾವನ ಮಗ, ಪಿಯುಸಿ ಓದುವ ಹುಡುಗ, ಇಂಗ್ಲಿಷಿನಲ್ಲಿದ್ದ ರಿಪೋರ್ಟ್ ಓದಿದ. ಕೊನೆಯ ಸಾಲಿನಲ್ಲಿ ‘ಬೈ-ರಾಡ್ಸ್ 3’ ಎಂದಿತ್ತು. ಹುಡುಗ ಹೇಳಿದ, ‘ಕಾಕೂ, ಥರ್ಡ್ ಸ್ಟೇಜ್.’

ಮಗಳು ರಿಪೋರ್ಟಿನ ಫೋಟೋ ಕಳಿಸಿದಳು. ನಾನು ಡಾಕ್ಟರಲ್ಲ, ನಿಮ್ಮ ಗಂಟು ಏನು ಅಂತ ಹೇಳುವ ಹಕ್ಕು ನನಗಿಲ್ಲ, ಆದರೆ ಈ ನಂಬರಿನ ಅರ್ಥ ಗೊತ್ತು ಎಂದೆ. ಬೈ-ರಾಡ್ಸ್ ಅನ್ನುವುದು ಸ್ಕ್ಯಾನ್ ನೋಡಿದವರು ತಮ್ಮ ಅನುಮಾನ ಎಷ್ಟು ಅಂತ ಹೇಳುವ ನಂಬರು. 0 ರಿಂದ 6 ರವರೆಗೆ ಇರುತ್ತದೆ. 3 ಅಂದರೆ ಬಹುತೇಕ ನಿರಪಾಯ ಗಂಟು, ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ 2 ಕ್ಕಿಂತ ಕಡಿಮೆ. ಸ್ಟೇಜ್ ಅನ್ನುವುದು ಬೇರೆಯೇ ಲೆಕ್ಕ. ಕ್ಯಾನ್ಸರ್ ಇದೆ ಅಂತ ಖಾತ್ರಿಯಾದ ಮೇಲೆ ಅದು ಎಷ್ಟು ಹರಡಿದೆ ಅಂತ ಹೇಳುವುದು. ಎರಡಕ್ಕೂ ಸಂಬಂಧ ಇಲ್ಲ. ಇದನ್ನೇ ಮೂರು ಸಲ ಹೇಳಿದೆ. ಒಮ್ಮೆ ಅಕ್ಕನಿಗೆ, ಒಮ್ಮೆ ಗಂಡನಿಗೆ, ಒಮ್ಮೆ ಆ ಹುಡುಗನಿಗೆ. ಅವನನ್ನು ಬೈಯಬೇಡಿ ಎಂದೂ ಹೇಳಿದೆ. 3 ಕಂಡರೆ ಯಾರಾದರೂ ಹಾಗೇ ಓದುತ್ತಾರೆ.

‘ನೂರಕ್ಕ ಎರಡು ಅಂದ್ರ...’ ಅಂತ ಅಕ್ಕ ಶುರು ಮಾಡಿದರು. ಈ ಸಲ ನಾನು ಲೆಕ್ಕ ಬೆಳೆಸಲಿಲ್ಲ. ‘ಆ ಎರಡರ ಸಲುವಾಗಿಯೇ ಮಂಗಳವಾರ ಡಾಕ್ಟರ ಕಡೆ ಹೋಗೋದು’ ಎಂದೆ.

ಈ ಶನಿವಾರದ ಹೊರೆ ನನ್ನದು. ರಿಪೋರ್ಟಿನಲ್ಲಿ ನಂಬರ್ ಇರುತ್ತದೆ ಅಂತ ನಾನು ಮೊದಲೇ ಹೇಳಿಡಬೇಕಿತ್ತು. ಈಗ ಸ್ಕ್ಯಾನಿಂಗ್‌ಗೆ ಹೋಗುವ ಎಲ್ಲರಿಗೂ ಹೇಳುತ್ತೇನೆ: ಒಂದೆರಡು ದಿನದ ಫರಕಾದರೆ, ರಿಪೋರ್ಟನ್ನು ಶನಿವಾರ ಸಂಜೆ ತರಬೇಡಿ, ಡಾಕ್ಟರು ಸಿಗುವ ದಿನ ಬೆಳಿಗ್ಗೆ ತೆಗೆದುಕೊಂಡು ಅಲ್ಲಿಂದಲೇ ಅವರ ಕಡೆ ಹೋಗಿ. ರಾತ್ರಿ ತಡೆಯಲಾಗದಷ್ಟು ಕಳವಳ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಹಗಲು ರಾತ್ರಿ ಸಿಗುತ್ತದೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ.

ಮಂಗಳವಾರ ಡಾಕ್ಟರು ಇದು ಫೈಬ್ರೋಅಡಿನೋಮಾ (ಕ್ಯಾನ್ಸರ್ ಅಲ್ಲದ ಒಂದು ಬಗೆಯ ಗಂಟು) ಇದ್ದಂತೆ ಕಾಣುತ್ತದೆ, ಈ ವಯಸ್ಸಿನವರಲ್ಲಿ ಕಾಣುವಂಥದ್ದೇ, ಆರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡೋಣ ಎಂದರು. 3 ನಂಬರಿಗೆ ಅದೇ ರೂಢಿ. ಆದರೆ ಅಕ್ಕ ಕುರ್ಚಿ ಬಿಟ್ಟು ಏಳಲಿಲ್ಲ. ‘ಡಾಕ್ಟ್ರ, 22 ದಿನಕ್ಕ ನಾ ಮಗಳ ಮ್ಯಾಲೆ ಕೈ ಎತ್ತೇನಿ. ಆರು ತಿಂಗಳ ನನ್ನ ಕಡಿಂದ ಆಗಂಗಿಲ್ಲ. ಈಗ ತಿಳಕೊಳ್ಳಾಕ ಏನರ ಪರೀಕ್ಷಾ ಐತೇನ್ರಿ?’ ಡಾಕ್ಟರು ಪೆನ್ನು ಕೆಳಗಿಟ್ಟು ಮುಖ ನೋಡಿದರಂತೆ. ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆ ಮಾಡಬಹುದು, ಕಡ್ಡಾಯ ಅಲ್ಲ, ನಿನಗೆ ಸಮಾಧಾನ ಆಗುವುದಾದರೆ ಮಾಡೋಣ ಎಂದರು. ಮಾಡಿಸಿದರು. ಫೈಬ್ರೋಅಡಿನೋಮಾ ಎಂದೇ ಬಂತು. ತೆಗೆಯುವ ಅವಶ್ಯಕತೆ ಇಲ್ಲ, ಆದರೂ ಆರು ತಿಂಗಳಿಗೆ ಒಮ್ಮೆ ಬಂದು ತೋರಿಸಬೇಕು.

ಗಂಟು ಹಾಗೇ ಇದೆ. ರವಿವಾರಕ್ಕೊಮ್ಮೆ ಮುಟ್ಟುವುದೂ ಇದೆ. ಅದನ್ನು ತಿಂಗಳಿಗೊಮ್ಮೆ ಮಾಡಿ, ಮುಟ್ಟು ಮುಗಿದ ಕೆಲವು ದಿನಕ್ಕೆ, ಆಗ ಎದೆ ಬಿಗಿದಿರುವುದಿಲ್ಲ ಎಂದಿದ್ದೇನೆ. ಎಷ್ಟು ಪಾಲಿಸುತ್ತಾರೋ ಗೊತ್ತಿಲ್ಲ. ಮಗಳಿಗೆ ಆವತ್ತು ಹೊಡೆದದ್ದಕ್ಕೆ ಕಾರಣ ಹೇಳಿದರಂತೆ. ಅವಳು ‘ಮೊದಲ ಹೇಳಬೇಕಿಲ್ಲ’ ಎಂದು ಎರಡು ದಿನ ಮಾತು ಬಿಟ್ಟಿದ್ದಳು.

ಮೊನ್ನೆ ಫೋನ್ ಮಾಡಿದ್ದರು. ಆರು ತಿಂಗಳ ಸ್ಕ್ಯಾನಿಂಗ್‌ಗೆ ಡೇಟ್ ತೆಗೆದುಕೊಳ್ಳಲು ಹೋಗಿದ್ದರಂತೆ. ಕೌಂಟರಿನವನು ಬರೆದುಕೊಟ್ಟ ಚೀಟಿಯನ್ನು ಅಲ್ಲೇ ನಿಂತು ಮಗಳಿಂದ ಓದಿಸಿದ್ದಾರೆ. ನೋಡಿದರೆ ಆ ದಿನ ರಂಗಪಂಚಮಿ. ‘ಅವತ್ತ ಹುಬ್ಬಳ್ಳ್ಯಾಗ ಬಣ್ಣದಾಟ ಇರತೈತ್ರಿ ತಮ್ಮಾ. ಬಸ್ಸು ಎಲ್ಲಿ ಬರ್ತಾವು, ನೀವರ ಎಲ್ಲಿ ಇರ್ತೀರಿ? ಬ್ಯಾರೆ ಡೇಟ್ ಬರೀರಿ’ ಎಂದರಂತೆ. ಹಿಂದೆ ಪಾಳಿಯಲ್ಲಿದ್ದ ಹೆಂಗಸರೂ ತಮ್ಮ ತಮ್ಮ ಚೀಟಿ ತೆಗೆದು ನೋಡಿಕೊಂಡರಂತೆ. ಅವನು ನಕ್ಕು ಎರಡು ದಿನ ಮುಂದಕ್ಕೆ ಬರೆದುಕೊಟ್ಟ.